ಏಕಾಂತದ ಸಾಕ್ಷಿ

ಮಳೆಗಾಲ ಮುಗಿದು ಚಳಿಗಾಲ ಇನ್ನೂ ಕಾಲಿಡದ ಶರದೃತುವಿನ ದಿನಗಳು ಗೋಕಾಕ ಸೀಮೆಯಲ್ಲಿ ಬಹಳ ಹಿತವಾದವು. ಘಟಪ್ರಭೆಯ ಕೆಂಪು ಹೊಳೆ ಇಳಿದು ನೀರು ತಿಳಿಯಾಗತೊಡಗುತ್ತದೆ. ಕೊಣ್ಣೂರಿನ ಸುತ್ತಲಿನ ಹೊಲಗಳಲ್ಲಿ ಕಬ್ಬು ಆಳೆತ್ತರ ಮೀರಿ ನಿಂತು ಕಟಾವಿಗೆ ಕಾಯುತ್ತಿರುತ್ತದೆ. ದಸರೆಯ ಬನ್ನಿ ಹಂಚಿ ಮುಗಿದಿರುತ್ತದೆ. ಸೀಗಿ ಹುಣ್ಣಿಮೆಗೆ ರೈತ ಕುಟುಂಬಗಳು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲಿ ಬರುತ್ತವೆ. ಇಂಥ ಒಂದು ದಿನ ಕೊಣ್ಣೂರಿನ ವಿದ್ಯಾರ್ಥಿನಿಯೊಬ್ಬಳು ತನ್ನ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಶಾಲೆಯಲ್ಲಿ ಒಬ್ಬಳೇ ಕುಳಿತಿದ್ದಾಳೆಂದು ಊಹಿಸಿಕೊಳ್ಳೋಣ. ಸಹಪಾಠಿಗಳು ರಜೆಗೆ ಊರಿಗೆ ಹೋಗಿದ್ದಾರೆ. ಅಧ್ಯಾಪಕರು ಬೀಗ ತೆರೆದುಕೊಟ್ಟು ತಮ್ಮ ಕೆಲಸಕ್ಕೆ ಹೊರಟಿದ್ದಾರೆ. ಕಿಟಕಿಯಿಂದ ಇಳಿಬಿಸಿಲು ಬೀಳುತ್ತಿದೆ. ನಲ್ಲಿಯಿಂದ ಆಗಾಗ ಉದುರುವ ಹನಿಯ ಸದ್ದು ಬಿಟ್ಟರೆ ಅಲ್ಲಿ ಬೇರೆ ಶಬ್ದವಿಲ್ಲ.

ಅವಳ ಕೆಲಸ ದೊಡ್ಡದೇನಲ್ಲ. ಪಿಪೆಟ್ಟಿನಿಂದ 10 ಮಿಲಿಲೀಟರ್ ಆಮ್ಲವನ್ನು ಗಾಜಿನ ಫ್ಲಾಸ್ಕಿಗೆ ಹಾಕಿ, ಎರಡು ಹನಿ ಫೀನಾಲ್ಫ್ಥಲೀನ್ ಸೇರಿಸಿ, ಬ್ಯುರೆಟ್ಟಿನಿಂದ ಪ್ರತ್ಯಾಮ್ಲವನ್ನು ಹನಿಹನಿಯಾಗಿ ಬಿಡಬೇಕು. ತಿಳಿಗುಲಾಬಿ ಬಣ್ಣ ಮೂಡಿ ನಿಂತ ಕ್ಷಣದಲ್ಲಿ ಬ್ಯುರೆಟ್ಟಿನ ಅಂಕಿಯನ್ನು ಓದಿ ಬರೆದುಕೊಳ್ಳಬೇಕು. ಮೊದಲ ಸಲ 10.1 ಬಂದಿತು. ಎರಡನೆಯ ಸಲವೂ 10.1. ಮೂರನೆಯ ಸಲ ಮಾತ್ರ 10.6. ಸಂಜೆಯಾಗುತ್ತಿದೆ, ಊರಿಗೆ ಹೋಗುವ ಬಸ್ಸಿನ ಹೊತ್ತೂ ಸಮೀಪಿಸಿದೆ. ಪೆನ್ನು ಕೈಯಲ್ಲಿದೆ. ಮೂರನೆಯ ಸಾಲಿನಲ್ಲಿಯೂ 10.1 ಎಂದು ಬರೆದುಬಿಟ್ಟರೆ ಆಯಿತು. ಉತ್ತರ ಬಹುಶಃ ಸರಿಯಾಗಿಯೇ ಇರುತ್ತದೆ, ಜರ್ನಲ್ಲಿಗೆ ಸಹಿಯೂ ಬೀಳುತ್ತದೆ. ನೋಡುವವರು ಯಾರೂ ಇಲ್ಲ. ನಷ್ಟವಾದರೂ ಯಾರಿಗೆ?

ಈ ಪ್ರಶ್ನೆ ಪ್ರಯೋಗಶಾಲೆಗೆ ಮಾತ್ರ ಸೇರಿದ್ದಲ್ಲ. ಅಂಗಡಿಯ ತಕ್ಕಡಿಯ ಮುಂದೆ, ಕಚೇರಿಯ ಕಡತದ ಮುಂದೆ, ರಾತ್ರಿಪಾಳಿಯ ದಾದಿಯ ಮುಂದೆ ಇದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬಂದು ನಿಲ್ಲುತ್ತದೆ. ಯಾರೂ ನೋಡದಿರುವಾಗ ನಾವು ಯಾಕೆ ಪ್ರಾಮಾಣಿಕರಾಗಿರಬೇಕು? ಗ್ರೀಕ್ ತತ್ತ್ವಜ್ಞಾನಿ ಪ್ಲೇಟೋ ತನ್ನ ‘ರಿಪಬ್ಲಿಕ್’ ಗ್ರಂಥದಲ್ಲಿ ಈ ವಿಷಯವನ್ನು ಚರ್ಚೆಗೆ ಎತ್ತಿಕೊಂಡಿದ್ದಾನೆ. ಗೈಜಿಸ್ ಎಂಬ ಕುರುಬನ ಕಥೆಯೊಂದು ಅಲ್ಲಿ ಬರುತ್ತದೆ. ಅವನಿಗೆ ಸಿಕ್ಕ ಉಂಗುರವನ್ನು ತಿರುಗಿಸಿದರೆ ಅವನು ಯಾರ ಕಣ್ಣಿಗೂ ಕಾಣದಂತಾಗುತ್ತಾನೆ. ಆ ಶಕ್ತಿ ಕೈಗೆ ಬಂದದ್ದೇ ತಡ, ಅವನು ಅರಸನನ್ನು ಕೊಂದು ರಾಜ್ಯವನ್ನು ಕಬಳಿಸುತ್ತಾನೆ. ಅಂಥ ಉಂಗುರ ನೀತಿವಂತನಿಗೆ ಸಿಕ್ಕರೂ ಅವನು ಹಾಗೆಯೇ ಮಾಡುತ್ತಾನೆ, ಮನುಷ್ಯನ ಸಜ್ಜನಿಕೆಯೆಲ್ಲ ಸಿಕ್ಕಿಬೀಳುವ ಭಯದ ಇನ್ನೊಂದು ಹೆಸರು ಎಂಬುದು ಆ ಕಥೆ ಹೇಳುವವನ ವಾದ. ಆ ವಾದಕ್ಕೆ ಉತ್ತರ ಕೊಡುವುದಕ್ಕೇ ಪ್ಲೇಟೋ ಉಳಿದ ಗ್ರಂಥವನ್ನೆಲ್ಲ ಬರೆಯಬೇಕಾಯಿತು.

ನಮ್ಮ ನಾಡಿನಲ್ಲಿ ಇದಕ್ಕೆ ತೀರ ಸರಳವಾದ ಉತ್ತರವೊಂದು ಮಕ್ಕಳ ಕಥೆಯ ರೂಪದಲ್ಲಿ ಉಳಿದುಬಂದಿದೆ. ಗುರು ವ್ಯಾಸರಾಯರು ಶಿಷ್ಯರಿಗೆಲ್ಲ ಒಂದೊಂದು ಬಾಳೆಹಣ್ಣು ಕೊಟ್ಟು, ಯಾರೂ ಇಲ್ಲದ ಜಾಗದಲ್ಲಿ ತಿಂದು ಬನ್ನಿರೆಂದು ಕಳುಹಿಸಿದರಂತೆ. ಒಬ್ಬನು ಬಾಗಿಲು ಮುಚ್ಚಿಕೊಂಡು ತಿಂದ, ಇನ್ನೊಬ್ಬನು ಮರದ ಮರೆಯಲ್ಲಿ ತಿಂದ. ಕನಕದಾಸರು ಮಾತ್ರ ಹಣ್ಣನ್ನು ಹಾಗೆಯೇ ಹಿಂದಕ್ಕೆ ತಂದರು. ದೇವರಿಲ್ಲದ ಸ್ಥಳ ತಮಗೆ ಎಲ್ಲಿಯೂ ಸಿಗಲಿಲ್ಲವೆಂದು ಅವರು ಹೇಳಿದರೆಂಬುದು ಕಥೆ. ಮತ್ತಾಯನ ಶುಭಸಂದೇಶದ ಆರನೆಯ ಅಧ್ಯಾಯದಲ್ಲಿ ದಾನ, ಪ್ರಾರ್ಥನೆ, ಉಪವಾಸಗಳ ಬಗ್ಗೆ ಪ್ರಭು ಯೇಸು ಹೇಳುವ ಮಾತಿನ ತಿರುಳೂ ಇದಕ್ಕೆ ದೂರವಾದುದಲ್ಲ: ಗುಟ್ಟಾಗಿ ಮಾಡಿದ್ದನ್ನು ಕಾಣುವ ತಂದೆಯೊಬ್ಬನಿದ್ದಾನೆ.

ಆದರೆ ಈ ಉತ್ತರವನ್ನು ನಾವು ಅವಸರದಲ್ಲಿ ತಪ್ಪಾಗಿ ಅರ್ಥಮಾಡಿಕೊಳ್ಳುವ ಅಪಾಯವಿದೆ. ದೇವರನ್ನು ಮೇಲ್ಛಾವಣಿಯಲ್ಲಿ ಕುಳಿತ ಕಾವಲುಗಾರನನ್ನಾಗಿ ಭಾವಿಸಿದರೆ ನಾವು ಗೈಜಿಸನ ಕಥೆಯಿಂದ ಒಂದು ಹೆಜ್ಜೆಯೂ ಮುಂದೆ ಬಂದಂತಾಗುವುದಿಲ್ಲ. ಉಂಗುರ ಕೆಲಸ ಮಾಡಲಿಲ್ಲವೆಂದು ಹೆದರಿದಂತಾಗುತ್ತದೆ, ಅಷ್ಟೆ. ಇಂದು ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾಗಳಿವೆ. ಕ್ಯಾಮೆರಾದ ಮುಂದೆ ನಕಲು ಮಾಡದ ಹುಡುಗನನ್ನು ನಾವು ಎಚ್ಚರಿಕೆಯವನೆನ್ನಬಹುದು, ಸತ್ಯವಂತನೆನ್ನಲು ಇನ್ನೂ ಆಧಾರ ಸಿಕ್ಕಿಲ್ಲ. ಕನಕದಾಸರು ಹೆದರಿ ಹಣ್ಣನ್ನು ಹಿಂದೆ ತಂದವರಲ್ಲ. ತಾವು ಒಬ್ಬರೇ ಇದ್ದೇವೆಂದು ಅವರಿಗೆ ಅನಿಸಲೇ ಇಲ್ಲ. ಏಕಾಂತದಲ್ಲಿ ಯಾರೋ ತಮ್ಮನ್ನು ಹಿಡಿಯಲು ಹೊಂಚುಹಾಕಿದ್ದಾರೆಂದು ಬಾಳುವುದು ಒಂದು ರೀತಿ, ಯಾರೋ ತಮ್ಮೊಂದಿಗೆ ಇದ್ದಾರೆಂದು ಬಾಳುವುದು ಇನ್ನೊಂದು ರೀತಿ. ಮೊದಲನೆಯದರಲ್ಲಿ ಮನುಷ್ಯ ಸದಾ ಸಂದಿಯನ್ನು ಹುಡುಕುತ್ತಿರುತ್ತಾನೆ. ಎರಡನೆಯದರಲ್ಲಿ ಹುಡುಕುವ ಅಗತ್ಯವೇ ಬೀಳುವುದಿಲ್ಲ.

ಹಾಗಾದರೆ ಪ್ರಯೋಗಶಾಲೆಯಲ್ಲಿ ಆ ವಿದ್ಯಾರ್ಥಿನಿಯೊಂದಿಗೆ ಯಾರಿದ್ದಾರೆ? ಮೊದಲನೆಯದಾಗಿ, ಅವಳ ಮುಂದಿರುವ ವಸ್ತುವೇ ಇದೆ. ಫ್ಲಾಸ್ಕಿನಲ್ಲಿರುವ ದ್ರವಕ್ಕೆ ಅವಳ ಬಸ್ಸಿನ ವೇಳೆ ತಿಳಿಯದು, ಪುಸ್ತಕದಲ್ಲಿ ಯಾವ ಉತ್ತರ ಅಚ್ಚಾಗಿದೆಯೆಂಬುದೂ ತಿಳಿಯದು. ಅದು ಇದ್ದದ್ದನ್ನು ಇದ್ದಂತೆ ಹೇಳುತ್ತದೆ. ಸೃಷ್ಟಿ ದೇವರ ಕೃತಿಯೆಂದು ನಂಬುವ ನಮಗೆ ಆ ಹೇಳಿಕೆಯನ್ನು ತಿದ್ದುವುದು ಸಣ್ಣ ವಿಷಯವಾಗಲಾರದು.

ಕೊಣ್ಣೂರಿನವರಿಗೆ ಇದನ್ನು ವಿವರಿಸಲು ದೂರ ಹೋಗಬೇಕಾಗಿಲ್ಲ. ಸಮೀಪದಲ್ಲೇ ಘಟಪ್ರಭೆ ಸುಮಾರು 52 ಮೀಟರ್ ಆಳಕ್ಕೆ ಧುಮ್ಮಿಕ್ಕುವ ಗೋಕಾಕ ಜಲಪಾತವಿದೆ. 1880ರ ದಶಕದಲ್ಲಿ ಅಲ್ಲಿ ನೂಲಿನ ಗಿರಣಿ ತಲೆಯೆತ್ತಿದ್ದೇ ಈ ನೀರಿನ ಬಲವನ್ನು ನಂಬಿ. ಬೀಳುವ ನೀರು ಚಕ್ರವನ್ನು ತಿರುಗಿಸಿ ವಿದ್ಯುತ್ತನ್ನು ಹುಟ್ಟಿಸುವ ವಿದ್ಯೆ ಈ ಭಾಗದ ಜನರಿಗೆ ತಲೆಮಾರುಗಳಿಂದ ಪರಿಚಿತ. ಈ ವಿದ್ಯೆಯ ಮೂಲ ಸೂತ್ರ ಕಂಡುಬಂದದ್ದು 1831ರ ಒಂದು ಶರತ್ಕಾಲದಲ್ಲಿ, ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಪ್ರಯೋಗಶಾಲೆಯಲ್ಲಿ. ಅಲ್ಲಿ ಕೆಲಸ ಮಾಡುತ್ತಿದ್ದವನು ಮೈಕಲ್ ಫ್ಯಾರಡೆ. ಕಮ್ಮಾರನ ಮಗ, ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿಯುತ್ತ, ರಟ್ಟು ಕಟ್ಟಲು ಬಂದ ಪುಸ್ತಕಗಳನ್ನು ಓದಿಯೇ ವಿಜ್ಞಾನ ಕಲಿತವನು, ಒಂದು ಚಿಕ್ಕ ಕ್ರೈಸ್ತ ಪಂಗಡದ ನಿಷ್ಠಾವಂತ ಸದಸ್ಯ. ಆ ವರ್ಷ ಅಕ್ಟೋಬರ್ 17ರಂದು ಅವನು ತಂತಿಯ ಸುರುಳಿಯೊಳಗೆ ಅಯಸ್ಕಾಂತದ ಕಂಬಿಯೊಂದನ್ನು ತಟ್ಟನೆ ತೂರಿಸಿದ. ಮಾಪಕದ ಮುಳ್ಳು ಅಲುಗಿತು. ಅಯಸ್ಕಾಂತವನ್ನು ಹೊರಗೆಳೆದಾಗ ವಿರುದ್ಧ ದಿಕ್ಕಿಗೆ ಅಲುಗಿತು. ಸುಮ್ಮನೆ ಇಟ್ಟಾಗ ಅಲುಗಲಿಲ್ಲ. ಗೋಕಾಕದಿಂದ ಶಿವನಸಮುದ್ರದವರೆಗೆ ನಮ್ಮ ಜಲವಿದ್ಯುತ್ತಿಗೆಲ್ಲ ಆ ಮುಳ್ಳಿನ ಅಲುಗಾಟವೇ ಆಧಾರ.

ಆದರೆ ನಮ್ಮ ಚರ್ಚೆಗೆ ಮುಖ್ಯವಾದದ್ದು ಆ ಜಯದ ದಿನಕ್ಕಿಂತ ಅದರ ಹಿಂದಿನ ವರ್ಷಗಳು. 1825ರಲ್ಲಿಯೇ ಫ್ಯಾರಡೆ ಇದೇ ಹಾದಿಯಲ್ಲಿ ಪ್ರಯತ್ನಿಸಿ ಏನೂ ಕಾಣದೆ, ಫಲಿತಾಂಶವಿಲ್ಲವೆಂದು ಬರೆದಿಟ್ಟಿದ್ದ. ಮುಂದೆ ಗುರುತ್ವಾಕರ್ಷಣೆಗೂ ವಿದ್ಯುತ್ತಿಗೂ ಸಂಬಂಧವಿರಬೇಕೆಂದು ಬಲವಾಗಿ ನಂಬಿ ಪ್ರಯೋಗಗಳನ್ನು ನಡೆಸಿದಾಗಲೂ ಅವನಿಗೆ ಏನೂ ಸಿಗಲಿಲ್ಲ. ತನ್ನ ನಂಬಿಕೆ ಸಡಿಲವಾಗಿಲ್ಲ, ಆದರೆ ಪ್ರಯೋಗ ಅದನ್ನು ತೋರಿಸಿಕೊಟ್ಟಿಲ್ಲವೆಂದು ಅವನು 1851ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಒಪ್ಪಿಕೊಂಡ. ತನಗೆ ಬೇಕಾದದ್ದು ಒಂದು, ಕಂಡದ್ದು ಇನ್ನೊಂದು ಎಂದಾಗ ಎರಡನ್ನೂ ಬೇರೆಬೇರೆಯಾಗಿ ಬರೆದಿಡುವುದು ಸುಲಭದ ಕೆಲಸವಲ್ಲ. ಅದು ಬುದ್ಧಿಗಿಂತ ಹೆಚ್ಚಾಗಿ ವಿನಯವನ್ನು ಕೇಳುತ್ತದೆ.

ಏಕಾಂತವನ್ನು ಹೊಗಳುವ ಭರದಲ್ಲಿ ಅದರ ಮಿತಿಯನ್ನೂ ನಾವು ಮರೆಯಬಾರದು. ಇದೇ 1825ರಲ್ಲಿ ಜಿನೀವಾದ ಯುವಕ ಜಾನ್ ಡೇನಿಯಲ್ ಕೊಲಡಾನ್ ಸುರುಳಿಯೊಳಗೆ ಅಯಸ್ಕಾಂತವನ್ನು ತೂರಿಸುವ ಪ್ರಯೋಗವನ್ನೇ ಮಾಡಿದ್ದ. ಅಯಸ್ಕಾಂತದ ಸೆಳೆತ ಮಾಪಕಕ್ಕೆ ತಾಗದಿರಲೆಂದು ಆ ಉಪಕರಣವನ್ನು ಪಕ್ಕದ ಕೋಣೆಯಲ್ಲಿಟ್ಟಿದ್ದ. ಇಲ್ಲಿ ಅಯಸ್ಕಾಂತವನ್ನು ತೂರಿಸಿ, ಆ ಕೋಣೆಗೆ ನಡೆದು ಹೋಗಿ ನೋಡುವಷ್ಟರಲ್ಲಿ ಮುಳ್ಳು ಅಲುಗಿ, ತನ್ನ ಸ್ಥಾನಕ್ಕೆ ಮರಳಿ ನಿಂತಿರುತ್ತಿತ್ತು. ಪಕ್ಕದ ಕೋಣೆಯಲ್ಲಿ ಇನ್ನೊಬ್ಬನಿದ್ದಿದ್ದರೆ ಆ ಮಹತ್ವದ ಶೋಧ ಆರು ವರ್ಷ ಮೊದಲೇ ಆಗುತ್ತಿತ್ತೇನೋ. ಕೊಲಡಾನ್ ಪ್ರಾಮಾಣಿಕನಾಗಿದ್ದ, ಜಾಗರೂಕನೂ ಆಗಿದ್ದ. ಅವನಿಗೆ ಇಲ್ಲದಿದ್ದದ್ದು ಇನ್ನೊಂದು ಜೊತೆ ಕಣ್ಣು. ಸತ್ಯಕ್ಕೆ ಒಬ್ಬನ ನಿಷ್ಠೆ ಬೇಕು, ಆದರೆ ಅಷ್ಟೇ ಸಾಲದು. ನಮ್ಮ ಅಂಕಿಗಳನ್ನು ಇತರರು ಪರೀಕ್ಷಿಸುವಂತೆ ತೆರೆದಿಡುವುದೂ ಪ್ರಾಮಾಣಿಕತೆಯ ಒಂದು ಭಾಗವೇ.

ಹೀಗೆ ತೆರೆದಿಟ್ಟವರ ಸಾಲಿನಲ್ಲಿ ಗ್ರೆಗರ್ ಮೆಂಡಲ್ ನೆನಪಾಗುತ್ತಾರೆ. ಬ್ರನೋ ನಗರದ ಅಗಸ್ಟೀನಿಯನ್ ಮಠದ ಈ ಸನ್ಯಾಸಿ 1856ರಿಂದ 1863ರವರೆಗೆ ಮಠದ ತೋಟದಲ್ಲಿ ಬಟಾಣಿ ಗಿಡಗಳನ್ನು ಬೆಳೆಸಿ, ಅವುಗಳ ಕಾಳುಗಳನ್ನು ಎಣಿಸಿದರು. ಒಂದು ಪ್ರಯೋಗದಲ್ಲಿ ಅವರಿಗೆ 5,474 ದುಂಡನೆಯ ಕಾಳುಗಳೂ 1,850 ಸುಕ್ಕುಗಟ್ಟಿದ ಕಾಳುಗಳೂ ದೊರೆತವು. ಅವರು ಅದರಲ್ಲಿ ಗುರುತಿಸಿದ ನಿಯಮ ಮೂರಕ್ಕೆ ಒಂದು. ಆ ನಿಯಮದಂತೆ ಲೆಕ್ಕ ಹಾಕಿದರೆ 5,493 ಮತ್ತು 1,831 ಇರಬೇಕಿತ್ತು. ಹತ್ತೊಂಬತ್ತು ಕಾಳುಗಳ ವ್ಯತ್ಯಾಸ. ಮೆಂಡಲ್ ಆ ಹತ್ತೊಂಬತ್ತನ್ನು ಸರಿಪಡಿಸದೆ, ಎಣಿಕೆಗೆ ಬಂದ ಸಂಖ್ಯೆಯನ್ನೇ ಪ್ರಕಟಿಸಿದರು. 1866ರಲ್ಲಿ ಅಚ್ಚಾದ ಆ ಪ್ರಬಂಧವನ್ನು ಓದಿ ಅದರ ಬೆಲೆಯನ್ನು ಅರಿತವರು ಬಹಳ ಕಡಿಮೆ. 1884ರಲ್ಲಿ ಅವರು ತೀರಿಕೊಂಡರು. 1900ರಲ್ಲಿ ಬೇರೆಬೇರೆ ದೇಶಗಳ ಸಸ್ಯವಿಜ್ಞಾನಿಗಳು ಅದೇ ನಿಯಮವನ್ನು ಕಂಡಾಗ ಜಗತ್ತು ಅವರತ್ತ ತಿರುಗಿ ನೋಡಿತು.

ಇಲ್ಲಿ ಇನ್ನೊಂದು ಮಾತನ್ನು ಹೇಳದೆ ಬಿಡುವುದು ನ್ಯಾಯವಲ್ಲ. 1936ರಲ್ಲಿ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್, ಮೆಂಡಲರ ಅಂಕಿಗಳನ್ನು ಒಟ್ಟಾಗಿ ನೋಡಿದರೆ ಅವು ನಿಯಮಕ್ಕೆ ಅತಿಯಾಗಿ ಹೊಂದಿಕೊಳ್ಳುತ್ತವೆ ಎಂದು ಆಕ್ಷೇಪವೆತ್ತಿದರು. ಅದರ ಮೇಲೆ ದಶಕಗಳ ಕಾಲ ಚರ್ಚೆ ನಡೆಯಿತು. ಮೆಂಡಲರು ಉದ್ದೇಶಪೂರ್ವಕವಾಗಿ ವಂಚಿಸಿದರೆಂದು ಫಿಶರರೇ ಆರೋಪಿಸಲಿಲ್ಲ. ಯಾರೋ ಸಹಾಯಕರ ಕೈವಾಡವಿರಬಹುದೆಂದು ಶಂಕಿಸಿದರು. ನಿಯಮವಂತೂ ಸತ್ಯವೆಂದು ಸ್ಥಿರಪಟ್ಟಿದೆ. ಈ ಚರ್ಚೆಯಿಂದ ನಮ್ಮ ವಿದ್ಯಾರ್ಥಿನಿಗೆ ಸಿಗುವ ಪಾಠ ಬೇರೊಂದು. ಅಂಕಿಗಳು ತೀರ ಚೆಂದವಾಗಿದ್ದರೆ ಬಲ್ಲವರಿಗೆ ಸಂತೋಷಕ್ಕಿಂತ ಸಂಶಯವೇ ಹುಟ್ಟುತ್ತದೆ. ಸೃಷ್ಟಿಯಲ್ಲಿ ಸ್ವಲ್ಪ ಏರುಪೇರು ಇದ್ದೇ ಇರುತ್ತದೆ. ಏರುಪೇರು ಇಲ್ಲದ ಪಟ್ಟಿಯಲ್ಲಿ ಮನುಷ್ಯನ ಕೈ ಆಡಿರುವ ಸಾಧ್ಯತೆ ಹೆಚ್ಚು.

ಆ ಸಂಶಯ ನಿಜವಾದ ಉದಾಹರಣೆಯೂ ಇದೆ. ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿದ್ದ ಯಾನ್ ಹೆಂಡ್ರಿಕ್ ಷೋನ್ ಎಂಬ ಯುವ ಭೌತವಿಜ್ಞಾನಿ ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಒಂದರ ಮೇಲೊಂದು ಅದ್ಭುತ ಫಲಿತಾಂಶಗಳನ್ನು ಪ್ರಕಟಿಸುತ್ತಿದ್ದ. ಅಳತೆಗಳನ್ನು ಬಹುತೇಕ ಅವನೊಬ್ಬನೇ ಮಾಡುತ್ತಿದ್ದ. ಬೇರೆ ಪ್ರಯೋಗಶಾಲೆಗಳಲ್ಲಿ ಆ ಫಲಿತಾಂಶಗಳು ಮರುಕಳಿಸಲಿಲ್ಲ. ಕೊನೆಗೆ, ಬೇರೆಬೇರೆ ಪ್ರಯೋಗಗಳದೆಂದು ತೋರಿಸಿದ ನಕ್ಷೆಗಳಲ್ಲಿ ಒಂದೇ ಬಗೆಯ ಏರಿಳಿತವಿರುವುದನ್ನು ಇತರರು ಗುರುತಿಸಿದರು. ತನಿಖಾ ಸಮಿತಿ 2002ರ ಸೆಪ್ಟೆಂಬರಿನಲ್ಲಿ ವರದಿ ಕೊಟ್ಟಿತು. ಪರಿಶೀಲಿಸಿದ 24 ಆರೋಪಗಳಲ್ಲಿ 16 ಸಾಬೀತಾಗಿದ್ದವು. ಪ್ರಸಿದ್ಧ ಪತ್ರಿಕೆಗಳು ಅವನ ಪ್ರಬಂಧಗಳನ್ನು ಹಿಂದೆಗೆದುಕೊಂಡವು. ಅಷ್ಟರಲ್ಲಿ ಎಷ್ಟೋ ವಿದ್ಯಾರ್ಥಿಗಳು ಆ ಸುಳ್ಳು ಅಂಕಿಗಳನ್ನು ನಂಬಿ ತಮ್ಮ ಯೌವನದ ಬೆಲೆಬಾಳುವ ದಿನಗಳನ್ನು ಕಳೆದುಕೊಂಡಿದ್ದರು.

ಇದು ನಮ್ಮನ್ನು ಎರಡನೆಯ ಸಾಕ್ಷಿಯ ಬಳಿಗೆ ಕರೆತರುತ್ತದೆ. ಖಾಲಿ ಪ್ರಯೋಗಶಾಲೆಯಲ್ಲಿ ನಮ್ಮ ನೆರೆಯವನೂ ಇದ್ದಾನೆ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ರೈತನಿಗೆ ಇದು ಚೆನ್ನಾಗಿ ಗೊತ್ತು. ಅವನು ವರ್ಷವಿಡೀ ಬೆಳೆದ ಕಬ್ಬಿನ ದರ ಸಕ್ಕರೆಯ ಇಳುವರಿಗೆ ತಳುಕು ಹಾಕಿಕೊಂಡಿದೆ. ಇಳುವರಿ ಎಷ್ಟೆಂದು ಅವನು ಹೊಲದಲ್ಲಿ ನಿಂತು ಹೇಳಲಾರ. ಕಾರ್ಖಾನೆಯ ಪ್ರಯೋಗಶಾಲೆಯ ಲೆಕ್ಕವನ್ನೇ ಅವನು ನಂಬಬೇಕು. ಬೆಳಿಗ್ಗೆ ಡೇರಿಗೆ ಹಾಲು ಹಾಕುವ ತಾಯಿಗೆ ಸಿಗುವ ಹಣವನ್ನು ಕೊಬ್ಬಿನಂಶದ ಅಂಕಿ ನಿರ್ಧರಿಸುತ್ತದೆ. ರಕ್ತಪರೀಕ್ಷೆಯ ಚೀಟಿಯ ಮೇಲಿನ ಒಂದು ಸಂಖ್ಯೆಯನ್ನು ನೋಡಿ ವೈದ್ಯರು ಔಷಧದ ಪ್ರಮಾಣವನ್ನು ಹೆಚ್ಚು ಕಡಿಮೆ ಮಾಡುತ್ತಾರೆ. ಊರಿನ ಕುಡಿಯುವ ನೀರು ಶುದ್ಧವೆಂದು ಯಾರೋ ಪರೀಕ್ಷಿಸಿ ಸಹಿ ಹಾಕಿದ್ದಾರೆಂಬ ಭರವಸೆಯಿಂದ ನಾವು ಲೋಟ ಎತ್ತುತ್ತೇವೆ. ಈ ಎಲ್ಲ ಜಾಗಗಳಲ್ಲಿ ಕುಳಿತು ಅಂಕಿ ಬರೆಯುವವರು ನಿನ್ನೆ ಮೊನ್ನೆ ಕಾಲೇಜಿನ ಪ್ರಯೋಗಶಾಲೆಯಲ್ಲಿ ಕೈ ಪಳಗಿಸಿಕೊಂಡವರೇ. 10.6ನ್ನು 10.1 ಮಾಡಿದ್ದರಿಂದ ಅಂದು ಯಾರಿಗೂ ನಷ್ಟವಾಗಿರಲಿಲ್ಲ, ನಿಜ. ಆದರೆ ಅಂದು ಕೈ ಕಲಿತ ಪಾಠವನ್ನು ಮನಸ್ಸು ಮರೆಯುವುದಿಲ್ಲ. ಚೀಲದಲ್ಲಿ ಎರಡು ಬಗೆಯ ತೂಕದ ಕಲ್ಲುಗಳನ್ನು ಇಟ್ಟುಕೊಳ್ಳಬಾರದೆಂದು ಮೋಶೆಯ ಧರ್ಮಶಾಸ್ತ್ರ ವ್ಯಾಪಾರಿಯನ್ನು ತಡೆಯುತ್ತದೆ. ಬ್ಯುರೆಟ್ಟೂ ಒಂದು ತಕ್ಕಡಿಯೇ.

ಏಕಾಂತದ ಬಗ್ಗೆ ಮಾತನಾಡುವಾಗ ಬಲವಂತದ ಏಕಾಂತವನ್ನೂ ನೆನೆಯಬೇಕು. 1933ರಲ್ಲಿ ಕಮಲಾ ಭಾಗವತ್ ಎಂಬ ಯುವತಿ ಮುಂಬಯಿ ವಿಶ್ವವಿದ್ಯಾಲಯದ ಪದವಿ ಪಡೆದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದರು. ಹೆಣ್ಣೆಂಬ ಕಾರಣಕ್ಕೆ ಆಗಿನ ನಿರ್ದೇಶಕರಾಗಿದ್ದ ಸರ್ ಸಿ.ವಿ. ರಾಮನ್ ಪ್ರವೇಶ ನಿರಾಕರಿಸಿದರು. ಆಕೆ ಪಟ್ಟು ಬಿಡಲಿಲ್ಲ. ಕಡೆಗೆ ಷರತ್ತುಗಳ ಮೇಲೆ ಒಳಗೆ ಬಿಟ್ಟರು: ಮೊದಲ ವರ್ಷ ಪರೀಕ್ಷಾರ್ಥವಾಗಿ ಮಾತ್ರ, ಮಾರ್ಗದರ್ಶಕರು ಹೇಳಿದರೆ ರಾತ್ರಿ ಹೊತ್ತಿನಲ್ಲೂ ಕೆಲಸ ಮಾಡಬೇಕು, ತನ್ನ ಇರುವಿಕೆಯಿಂದ ಪ್ರಯೋಗಶಾಲೆಯ ವಾತಾವರಣ ಕೆಡಬಾರದು. ಶ್ರೀನಿವಾಸಯ್ಯನವರ ಮಾರ್ಗದರ್ಶನದಲ್ಲಿ ಆಕೆ ಹಾಲು, ಬೇಳೆಕಾಳುಗಳಲ್ಲಿನ ಪ್ರೋಟೀನುಗಳ ಬಗ್ಗೆ ಕೆಲಸ ಮಾಡಿದರು. ವರ್ಷದ ನಂತರ ರಾಮನ್ ಅವರಿಗೂ ಆಕೆಯ ನಿಷ್ಠೆ ಮನವರಿಕೆಯಾಯಿತು, ಸಂಸ್ಥೆಯ ಬಾಗಿಲು ಇತರ ಹೆಣ್ಣುಮಕ್ಕಳಿಗೂ ತೆರೆಯಿತು. 1939ರಲ್ಲಿ ಆಕೆ ಕೇಂಬ್ರಿಜ್ ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಪಡೆದರು. ಮುಂದೆ ಕಮಲಾ ಸೊಹೊನಿ ಎಂದು ಹೆಸರಾದವರು ಇವರೇ. ಆದ ಅವಮಾನವನ್ನು ಆಕೆ ಕೊನೆಯವರೆಗೂ ಮರೆಯಲಿಲ್ಲ. ಮರೆಯಬೇಕೆಂದು ನಾವು ಉಪದೇಶಿಸಬೇಕಾಗಿಯೂ ಇಲ್ಲ. ಒಬ್ಬರನ್ನು ಸಂಶಯದ ಕಣ್ಣಿನಿಂದ ಕಾಯುವುದು ಬೇರೆ, ಅವರ ಕೆಲಸವನ್ನು ನ್ಯಾಯವಾಗಿ ಪರೀಕ್ಷಿಸುವುದು ಬೇರೆ. ಒಬ್ಬಂಟಿಯಾಗಿ ದುಡಿಯುವವರಿಂದ ಪ್ರಾಮಾಣಿಕತೆಯನ್ನು ಬಯಸುವ ಸಮಾಜವೂ ಅವರೊಂದಿಗೆ ಪ್ರಾಮಾಣಿಕವಾಗಿರಬೇಕು.

ಇದೇ ಮಾತು ನಮ್ಮ ಶಿಕ್ಷಣಕ್ಕೂ ಅನ್ವಯಿಸುತ್ತದೆ. ಪ್ರಾಯೋಗಿಕ ಪರೀಕ್ಷೆಯಲ್ಲಿ ಪುಸ್ತಕದ ಉತ್ತರಕ್ಕೆ ಹತ್ತಿರವಾದ ಉತ್ತರಕ್ಕೆ ಪೂರ್ಣ ಅಂಕ, ಕಂಡದ್ದನ್ನು ಕಂಡಂತೆ ಬರೆದವನಿಗೆ ಕಡಿಮೆ ಅಂಕ ಎಂದಾದರೆ, ಮಕ್ಕಳಿಗೆ ಸುಳ್ಳನ್ನು ಕಲಿಸುತ್ತಿರುವವರು ನಾವೇ. ‘ಎಲ್ಲರೂ ಹಾಗೇ ಬರೆಯುತ್ತಾರೆ’ ಎಂಬ ಮಗಳ ಮಾತಿಗೆ ಮನೆಯಲ್ಲಿ ಏನು ಉತ್ತರ ಸಿಗುತ್ತದೆ ಎಂಬುದರ ಮೇಲೆ ಬಹಳಷ್ಟು ನಿಂತಿದೆ. ಊಟಕ್ಕೆ ಕುಳಿತಾಗ ಎಷ್ಟು ಮಾರ್ಕ್ಸ್ ಬಂದವು ಎಂದು ಕೇಳುವ ತಂದೆತಾಯಿಗಳು ಒಮ್ಮೊಮ್ಮೆ ಇಂದು ಏನು ಕಂಡೆ, ಯಾವುದು ಸರಿಹೋಗಲಿಲ್ಲ ಎಂದೂ ಕೇಳಬಹುದು. ಸರಿಹೋಗದ್ದನ್ನು ನಾಚಿಕೆಯಿಲ್ಲದೆ ಹೇಳಿಕೊಳ್ಳಲು ಮನೆಯಲ್ಲಿ ಜಾಗವಿರುವ ಮಗು, ಪ್ರಯೋಗಶಾಲೆಯ ಹಾಳೆಯಲ್ಲೂ ಅದಕ್ಕೆ ಜಾಗ ಬಿಡುತ್ತದೆ.

ಹಾಗಾದರೆ 10.6ನ್ನು ಏನು ಮಾಡಬೇಕು? ವಿಜ್ಞಾನದ ರೂಢಿ ಇದಕ್ಕೆ ಸರಳವಾದ ದಾರಿ ತೋರಿಸಿದೆ. ಅದನ್ನು ಬರೆಯಬೇಕು, ಮತ್ತೊಮ್ಮೆ, ಬೇಕಾದರೆ ಮಗದೊಮ್ಮೆ ಅಳೆದು ನೋಡಬೇಕು, ವ್ಯತ್ಯಾಸಕ್ಕೆ ಕಾರಣ ತಿಳಿದರೆ ಪಕ್ಕದಲ್ಲಿ ನಮೂದಿಸಬೇಕು. ತಪ್ಪು ಬರೆದಿದ್ದರೆ ಅಳಿಸಬಾರದು, ಮಸಿ ಬಳಿಯಬಾರದು. ಒಂದೇ ಗೆರೆ ಎಳೆದು, ಕೆಳಗಿನ ಅಂಕಿ ಓದಲು ಬರುವಂತೆ ಉಳಿಸಿ, ಪಕ್ಕದಲ್ಲಿ ಸರಿಯಾದುದನ್ನು ಬರೆಯಬೇಕು. ಪಾಪನಿವೇದನೆಯ ಅಭ್ಯಾಸವಿರುವ ನಮಗೆ ಈ ಕ್ರಮ ಅಪರಿಚಿತವಾಗಿ ತೋರಬಾರದು. ಅಲ್ಲಿಯೂ ನಾವು ತಪ್ಪನ್ನು ಇಲ್ಲವೆನ್ನುವುದಿಲ್ಲ. ಅದನ್ನು ಹೆಸರಿಟ್ಟು ಹೇಳಿ, ಗೆರೆ ಎಳೆದು ಮುಂದೆ ನಡೆಯುತ್ತೇವೆ. ಕ್ಷಮೆ ಸಿಗುವುದು ಬರೆದ ಸಾಲಿಗೆ. ಮುಚ್ಚಿಟ್ಟ ಸಾಲನ್ನು ಕ್ಷಮಿಸಲು ಯಾರ ಕೈಗೂ ಅದು ಸಿಗುವುದಿಲ್ಲ.

ಇದರಿಂದ ಒಂದು ಬಸ್ಸು ತಪ್ಪಬಹುದು, ಮನೆ ಸೇರುವುದು ಕತ್ತಲಾಗಬಹುದು. ಸತ್ಯಕ್ಕೆ ಕೊಡಬೇಕಾದ ಬೆಲೆ ನಮ್ಮ ಬದುಕಿನಲ್ಲಿ ಹೆಚ್ಚಿನ ಸಲ ಇಷ್ಟೇ ಇರುತ್ತದೆ: ಅರ್ಧ ಗಂಟೆಯ ಹೊತ್ತು, ಎರಡು ಅಂಕ, ಸ್ವಲ್ಪ ಮುಜುಗರ. ಹುತಾತ್ಮರ ಕಥೆಗಳನ್ನು ಓದಿ ನಾವು ದೊಡ್ಡ ಪರೀಕ್ಷೆಗೆ ಸಿದ್ಧರಾಗಬೇಕೆಂದು ಬಯಸುತ್ತೇವೆ. ಆದರೆ ದೊಡ್ಡ ಪರೀಕ್ಷೆ ಎಲ್ಲರ ಬಾಗಿಲಿಗೂ ಬರುವುದಿಲ್ಲ. ಚಿಕ್ಕ ಪರೀಕ್ಷೆ ದಿನವೂ ಬರುತ್ತದೆ, ಅದೂ ಯಾರೂ ಇಲ್ಲದ ಹೊತ್ತು ನೋಡಿಕೊಂಡು. ಅಂಥ ಹೊತ್ತಿನಲ್ಲಿ ಕಂಡದ್ದನ್ನು ಕಂಡಂತೆ ಬರೆದ ವಿದ್ಯಾರ್ಥಿನಿಯ ಅಂಕಿಯನ್ನು ನಾಳೆ ಕಬ್ಬಿನ ರೈತ ನಂಬಬಹುದು, ಆಸ್ಪತ್ರೆಯ ಹಾಸಿಗೆಯಲ್ಲಿರುವ ರೋಗಿ ನಂಬಬಹುದು, ಊರಿನ ನಲ್ಲಿಯ ಮುಂದೆ ಕೊಡ ಹಿಡಿದು ನಿಂತ ತಾಯಿಯೂ ನಂಬಬಹುದು.